ಅಳಿಲು ಯಾಕೆ ಬೀಳೋದಿಲ್ಲ?

ಕ್ಯಾಂಟೀನ್ ಪಕ್ಕದ ಮರದಿಂದ ಸರಸರ ಇಳಿದು ಬಂದು, ಯಾರೋ ಬಿಟ್ಟುಹೋದ ಚಪಾತಿ ಚೂರನ್ನು ಎರಡೂ ಕೈಯಲ್ಲಿ ಹಿಡಿದು ತಿನ್ನುವ ಅಳಿಲನ್ನು ನಾವೆಲ್ಲ ನೋಡಿರ್ತೀವಿ. ಸೇತುವೆಗೆ ಮರಳು ಹೊತ್ತ ಅಳಿಲಿನ ಬೆನ್ನನ್ನು ಶ್ರೀರಾಮ ಸವರಿದ, ಆ ಬೆರಳುಗಳ ಗುರುತೇ ಮೂರು ಗೆರೆ ಅಂತ ಅಜ್ಜಿ ಹೇಳಿದ ಕತೆಯೂ ಗೊತ್ತು. ಉತ್ತರ ಭಾರತದಲ್ಲಿ ಹೆಚ್ಚಾಗಿ ಕಾಣೋದು ಐದು ಗೆರೆಯ ಅಳಿಲು. ಅಲ್ಲಿ ರಾಮ ಐದೂ ಬೆರಳು ಇಟ್ಟಿರಬೇಕು!

ಕತೆಯ ಪ್ರಕಾರ ಅಳಿಲು ಸಿವಿಲ್ ಇಂಜಿನಿಯರ್. ಆದ್ರೆ ಅದು ಕೊಂಬೆಯಿಂದ ಕೊಂಬೆಗೆ ಹಾರೋದನ್ನ ನೋಡಿದ್ರೆ ಮೆಕ್ಯಾನಿಕಲ್‌ನವರೂ ತಲೆಬಾಗಬೇಕು.

ಸಮಸ್ಯೆ ಇಷ್ಟೇ. ಕೊಂಬೆಯ ತುದಿಗೆ ಹೋದಷ್ಟೂ ದಾಟಬೇಕಾದ ದೂರ ಕಡಿಮೆ. ಆದರೆ ಕೊಂಬೆ ಅಂದ್ರೆ ನಾವು ಓದುವ ಕ್ಯಾಂಟಿಲಿವರ್ ಬೀಮ್. ಒಂದೇ ದಪ್ಪದ ಬೀಮ್‌ನಲ್ಲಿ ಭಾರ ಬುಡದಿಂದ ಎರಡರಷ್ಟು ದೂರ ಹೋದರೆ, ಭಾರ ಇರುವ ಜಾಗದ ಬಾಗು ಎಂಟು ಪಟ್ಟಾಗುತ್ತೆ. ಕೊಂಬೆ ತುದಿಯಲ್ಲಿ ಸಣ್ಣಗಾಗುವುದರಿಂದ ಇನ್ನೂ ಜಾಸ್ತಿ. ಅಲ್ಲಿ ನಿಂತು ಒದ್ದರೆ ಒಂದಷ್ಟು ಶಕ್ತಿ ಕೊಂಬೆ ಬಗ್ಗಿಸೋದಕ್ಕೇ ಖರ್ಚು. ಹಾಗಾದ್ರೆ ಎಲ್ಲಿಂದ ಹಾರಬೇಕು?

ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ತಮ್ಮ ಕ್ಯಾಂಪಸ್‌ನ ಅಳಿಲುಗಳಿಗೇ ಕಡಲೆಕಾಯಿ ಆಸೆ ತೋರಿಸಿ ಇದನ್ನು ಪರೀಕ್ಷಿಸಿದರು. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಹೀಗಿದೆ: ಅಳಿಲು ದೂರವನ್ನೂ ಬಾಗುವಿಕೆಯನ್ನೂ ತೂಗಿ ನೋಡುತ್ತೆ, ಆದರೆ ಬಾಗುವಿಕೆಗೇ ಹೆಚ್ಚು ಬೆಲೆ ಕೊಡುತ್ತೆ. ಅಂದ್ರೆ ದೂರ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ, ಕಾಲಿಗೆ ಗಟ್ಟಿ ನೆಲೆ ಬೇಕು. ಹೊಸ ಕೊಂಬೆ ಕೊಟ್ಟಾಗ ಮೊದಲ ಜಿಗಿತಗಳು ತಪ್ಪಿದವು. ಕೆಲವೇ ಪ್ರಯತ್ನಗಳಲ್ಲಿ ಸರಿಹೋದವು. ಗುರಿ ಹೆಚ್ಚುಕಮ್ಮಿಯಾದಾಗ ಉಗುರಿನಿಂದ ಹಿಡಿದು, ಜಿಮ್ನಾಸ್ಟ್ ಥರ ಸುತ್ತಿ ಮೇಲೆ ಬಂದವು. ಒಂದು ಅಳಿಲೂ ಕೆಳಗೆ ಬೀಳಲಿಲ್ಲ! ಲೆಕ್ಕ ಪಕ್ಕಾ ಇರಬೇಕಂತೇನಿಲ್ಲ, ತಪ್ಪನ್ನು ತಿದ್ದಿಕೊಳ್ಳುವ ದಾರಿ ಇರಬೇಕು. ಇದೇ ಅಲ್ವಾ ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಪಾಠ? ಅಳಿಲಿನಿಂದ ಕಲಿತು ಅಲ್ಲಿಯವರೇ ‘ಸಾಲ್ಟೋ’ ಎಂಬ ಒಂಟಿಕಾಲಿನ ರೋಬೋಟ್‌ಗೂ ಸಣ್ಣ ಸರಳಿನ ಮೇಲೆ ಇಳಿಯೋದನ್ನ ಕಲಿಸಿದ್ದಾರೆ.

ಇನ್ನೊಂದು ಸಂಗತಿ. ಬೆಕ್ಕು ಮರ ಹತ್ತಿ ಇಳಿಯೋಕಾಗದೆ ಒದ್ದಾಡುತ್ತೆ, ಅಳಿಲು ಮಾತ್ರ ತಲೆ ಕೆಳಗೆ ಮಾಡಿಕೊಂಡು ಓಡಿ ಬರುತ್ತೆ. ಕಾರಣ ಅದರ ಹಿಂಗಾಲಿನ ಹರಡು. ಅದು ಪಾದವನ್ನು ಪೂರ್ತಿ ಹಿಂದಕ್ಕೆ ತಿರುಗಿಸಬಲ್ಲದು. ಹಾಗಾಗಿ ಇಳಿಯುವಾಗಲೂ ಉಗುರುಗಳು ತೊಗಟೆಗೆ ಕೊಕ್ಕೆ ಹಾಕಿರುತ್ತವೆ.

ಇಷ್ಟೆಲ್ಲ ಇದ್ದರೂ ಅಳಿಲು ಸೋಲುವ ಜಾಗ ಒಂದಿದೆ, ಅದು ನಾವು ಕಟ್ಟಿದ್ದು. ಕೊಂಬೆ ಕಡಿದರೆ ಅದರ ದಾರಿಯೇ ತುಂಡಾಗುತ್ತೆ. ಮರದಿಂದ ಹೆಚ್ಚಾಗಿ ಕೆಳಗಿಳಿಯದ ಮಲೆನಾಡಿನ ಕೆಂದಳಿಲು, ರಸ್ತೆ ಅಗಲವಾದಾಗ ನೆಲಕ್ಕಿಳಿದು ದಾಟಬೇಕಾಗುತ್ತೆ. ಊರಿನ ಅಳಿಲಿಗೋ ಕರೆಂಟ್ ತಂತಿಯೇ ಕೊಂಬೆ. ಒಂದೇ ತಂತಿಯ ಮೇಲೆ ಓಡುವಷ್ಟು ಹೊತ್ತು ಏನೂ ಆಗಲ್ಲ, ಯಾಕಂದ್ರೆ ಮೈಯ ಎರಡು ಭಾಗಗಳ ನಡುವೆ ವೋಲ್ಟೇಜ್ ವ್ಯತ್ಯಾಸ ಇಲ್ಲದಂತೆಯೇ. ಟ್ರಾನ್ಸ್‌ಫಾರ್ಮರ್ ಮೇಲೆ ಕಾಲು ಲೈವ್ ಭಾಗಕ್ಕೂ ಬಾಲ ಅರ್ಥ್ ಆದ ತೊಟ್ಟಿಗೂ ತಾಗಿದರೆ ಮುಗೀತು: ಅಳಿಲೂ ಹೋಯ್ತು, ಕರೆಂಟೂ ಹೋಯ್ತು. 1987ರಲ್ಲಿ ಹೀಗೆ ಒಂದೇ ಒಂದು ಅಳಿಲಿನಿಂದ ಅಮೆರಿಕದ ನಾಸ್ಡಾಕ್ ಷೇರುಪೇಟೆಯ ವಹಿವಾಟು ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತಿತ್ತು.

ಪರಿಹಾರ ದೊಡ್ಡದೇನಲ್ಲ. ಟ್ರಾನ್ಸ್‌ಫಾರ್ಮರ್‌ನ ಬುಶಿಂಗ್‌ಗೆ ಇನ್ಸುಲೇಟಿಂಗ್ ಕವರ್ ಹಾಕಬಹುದು. ರಸ್ತೆಯ ಎರಡು ಬದಿಯ ಮರಗಳ ನಡುವೆ ಹಗ್ಗದ ಸೇತುವೆ ಕಟ್ಟಬಹುದು. ಕ್ಯಾಂಪಸ್‌ನಲ್ಲಿ ಮರ ಸವರುವಾಗ ಪಕ್ಕದ ಮರಕ್ಕೆ ತಾಗುವ ಒಂದು ಕೊಂಬೆಯನ್ನಾದರೂ ಉಳಿಸಿ ಅಂತ ನಾವು ಕೇಳಬಹುದು. ರಾಮನ ಸೇತುವೆಗೆ ಅಳಿಲು ಮರಳು ಹೊತ್ತಿತ್ತಂತೆ. ಈಗ ಅಳಿಲಿಗೊಂದು ಸೇತುವೆ ಬೇಕು, ಅಳಿಲು ಸೇವೆ ಮಾಡೋ ಸರದಿ ನಮ್ಮದು.