ಬೆಟ್ಟದ ಹೆಸರಿನ ನಾಲ್ಕು ಹೌಸುಗಳು

ನವೋದಯದಲ್ಲಿ ಓದಿದ ಇಬ್ಬರು ಎಲ್ಲಾದರೂ ಎದುರಾದರೆ ಜಿಲ್ಲೆ, ಬ್ಯಾಚು ಕೇಳಿಕೊಂಡ ಮೇಲೆ ಬರುವ ಪ್ರಶ್ನೆ ‘ಯಾವ ಹೌಸು?’ ಎಂಬುದು. ಉತ್ತರ ನಾಲ್ಕರಲ್ಲೊಂದು: ಅರಾವಳಿ, ನೀಲಗಿರಿ, ಶಿವಾಲಿಕ, ಉದಯಗಿರಿ. ಕೊಡಗಿನ ಗಾಳಿಬೀಡಾಗಲಿ, ಶಿವಮೊಗ್ಗದ ಗಾಜನೂರಾಗಲಿ, ಬಿಹಾರದ ಯಾವುದೋ ಜಿಲ್ಲೆಯಾಗಲಿ, ಜವಾಹರ ನವೋದಯ ವಿದ್ಯಾಲಯ ಇರುವಲ್ಲೆಲ್ಲ ಹೌಸುಗಳು ಇವೇ, ಬಣ್ಣಗಳೂ ಇವೇ. ಅರಾವಳಿಗೆ ನೀಲಿ, ನೀಲಗಿರಿಗೆ ಹಸಿರು, ಶಿವಾಲಿಕಕ್ಕೆ ಕೆಂಪು, ಉದಯಗಿರಿಗೆ ಹಳದಿ. ನೀಲಗಿರಿಗೇ ಏಕೆ ನೀಲಿ ಸಿಗಲಿಲ್ಲ ಎಂದು ಕೇಳಬೇಡಿ. ಆರನೇ ತರಗತಿಯ ಮಕ್ಕಳೆಲ್ಲ ಕೇಳಿ ಸುಮ್ಮನಾದ ಪ್ರಶ್ನೆ ಅದು.

ಹೌಸ್ ಪದ್ಧತಿ ನಮ್ಮ ಶಾಲೆಗಳಿಗೆ ಅಪರಿಚಿತವೇನಲ್ಲ. ಪಟ್ಟಣದ ಕಾನ್ವೆಂಟುಗಳಲ್ಲೂ ಇದೆ, ಈಚೆಗೆ ತಾಲ್ಲೂಕು ಕೇಂದ್ರದ ಖಾಸಗಿ ಶಾಲೆಗಳಲ್ಲೂ ಇದೆ. ಆದರೆ ಬೆಳಿಗ್ಗೆ ವ್ಯಾನಿನಲ್ಲಿ ಬಂದು ಸಂಜೆ ಮನೆಗೆ ಹೋಗುವ ಮಕ್ಕಳಿಗೆ ಹೌಸ್ ಎಂದರೆ ಒಂದು ಬಣ್ಣದ ಟೀ ಶರ್ಟು, ಅಷ್ಟೆ. ಕ್ರೀಡಾ ದಿನದ ಹಿಂದಿನ ವಾರ ಎದ್ದು ಕೂರುವ ಹೌಸುಗಳು ಬಹುಮಾನ ವಿತರಣೆ ಮುಗಿದ ಸಂಜೆಯೇ ಮಲಗಿಬಿಡುತ್ತವೆ. ಹ್ಯಾರಿ ಪಾಟರ್ ಓದಿದ ಮಕ್ಕಳು ಗ್ರಿಫಿಂಡರ್ ಹೌಸಿನ ಬಗ್ಗೆ ತೋರುವ ಅಭಿಮಾನದ ಕಾಲು ಭಾಗವನ್ನೂ ತಮ್ಮ ಶಾಲೆಯ ಹೌಸಿನ ಬಗ್ಗೆ ತೋರುವುದಿಲ್ಲ. ಅಲ್ಲಿ ಯಾರೂ ವಾಸ ಮಾಡುವುದಿಲ್ಲವಲ್ಲ!

ಈ ಏರ್ಪಾಡು ಹುಟ್ಟಿದ್ದೇ ವಾಸದಿಂದ. ಇಂಗ್ಲೆಂಡಿನ ಹಳೆಯ ಶಾಲೆಗಳಿಗೆ ದೂರದಿಂದ ಬಂದ ಹುಡುಗರು ಮೇಷ್ಟರ ಮನೆಯಲ್ಲೋ, ಊರಿನ ಹೆಂಗಸರು ನಡೆಸುತ್ತಿದ್ದ ಬಾಡಿಗೆ ಮನೆಗಳಲ್ಲೋ ಉಳಿದು ಓದುತ್ತಿದ್ದರು. ಬರಬರುತ್ತ ಆ ಮನೆಗಳೇ ಶಾಲೆಯ ಅಂಗಗಳಾದವು. ಅಂಥ ಶಾಲೆಗಳಲ್ಲೊಂದಾದ ಈಟನ್‌ನಲ್ಲಿ ಮೇಷ್ಟರಾಗಿದ್ದ ಆರ್ಥರ್ ಫೂಟ್ 1935ರಲ್ಲಿ ಡೆಹರಾಡೂನಿನ ಡೂನ್ ಶಾಲೆಗೆ ಮೊದಲ ಹೆಡ್‌ಮಾಸ್ಟರ್ ಆಗಿ ಬಂದರು. ಹೌಸ್ ಪದ್ಧತಿ ಆ ಶಾಲೆಯ ಬೆನ್ನೆಲುಬಾಯಿತು. ಅಲ್ಲಿನ ಹಳೆಯ ಹೌಸುಗಳ ಹೆಸರು ಹೈದರಾಬಾದ್, ಕಾಶ್ಮೀರ, ಜೈಪುರ, ಟಾಟಾ. ಸಂಸ್ಥಾನಗಳು, ಉದ್ಯಮಿಗಳು, ಹಣ ಎಲ್ಲಿತ್ತು ಎಂಬುದು ಹೆಸರಿನಲ್ಲೇ ಗೊತ್ತಾಗುತ್ತದೆ.

ಅದೇ ಡೂನ್ ಶಾಲೆಯಲ್ಲಿ ಓದಿದ ರಾಜೀವ್ ಗಾಂಧಿ ಪ್ರಧಾನಿಯಾಗಿದ್ದಾಗ, ಪಿ.ವಿ. ನರಸಿಂಹರಾವ್ ಮಾನವ ಸಂಪನ್ಮೂಲ ಸಚಿವರಾಗಿದ್ದಾಗ ನವೋದಯಗಳು ಬಂದವು. 1985–86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಒಂದೊಂದು ಶಾಲೆ; ಆಮೇಲೆ 1986ರ ಶಿಕ್ಷಣ ನೀತಿಯ ಬೆಂಬಲದಲ್ಲಿ ಜಿಲ್ಲೆಗೊಂದು. ಈಗ ದೇಶದಲ್ಲಿ 650ಕ್ಕೂ ಹೆಚ್ಚು ಇವೆ. ತಮಿಳುನಾಡು ಮಾತ್ರ ಬೇಡವೆಂದು ದೂರ ಉಳಿಯಿತು. ಐದನೇ ತರಗತಿಯ ಮಕ್ಕಳಿಗೆ ಪ್ರವೇಶ ಪರೀಕ್ಷೆ, ಶಾಲೆಗೆ ಹೆಚ್ಚೆಂದರೆ 80 ಸೀಟು, ಅದರಲ್ಲಿ ಕನಿಷ್ಠ ಮುಕ್ಕಾಲು ಪಾಲು ಹಳ್ಳಿಯ ಮಕ್ಕಳಿಗೆ. ಊಟ, ವಸತಿ, ಬಟ್ಟೆ, ಪುಸ್ತಕ ಉಚಿತ. ರಾಜಮಹಾರಾಜರ ಹಣದಲ್ಲಿ ಕೆಲವರಿಗೆ ಸಿಕ್ಕ ಏರ್ಪಾಡು ಹೀಗೆ ರೈತರ, ಕೂಲಿಕಾರರ ಮಕ್ಕಳಿಗೂ ಬಂತು. ಹೌಸುಗಳ ಹೆಸರಿನಲ್ಲೂ ದಾನಿಗಳು ಹೋಗಿ ಬೆಟ್ಟಗಳು ಬಂದವು. ಗುಂಡ್ಲುಪೇಟೆ ಕಡೆಯ ಮಗುವಿಗೆ ನೀಲಗಿರಿಯೇನೋ ಗೊತ್ತಿರುವ ಬೆಟ್ಟ. ಉಳಿದ ಮೂರು ಭೂಪಟದಲ್ಲಿ ಹುಡುಕಿಕೊಳ್ಳುವಂಥವು.

ಹುಡುಗರ ಹೌಸುಗಳಲ್ಲಿ ಜೂನಿಯರ್, ಸೀನಿಯರ್ ಎಂದು ಎರಡು ಪಾಲು: ಆರರಿಂದ ಎಂಟರವರೆಗೆ ಒಂದು, ಒಂಬತ್ತರಿಂದ ಹನ್ನೆರಡರವರೆಗೆ ಇನ್ನೊಂದು. ಹುಡುಗಿಯರ ವಸತಿ ಬೇರೆ. ಒಬ್ಬ ಹೌಸ್ ಮಾಸ್ಟರ್, ಅವರಿಗೊಬ್ಬ ಸಹಾಯಕ, ಮಕ್ಕಳಲ್ಲೇ ಕ್ಯಾಪ್ಟನ್, ವೈಸ್ ಕ್ಯಾಪ್ಟನ್. ವಾರಕ್ಕೊಂದು ಹೌಸಿಗೆ ಡ್ಯೂಟಿ ಬರುತ್ತದೆ. ಆ ವಾರ ಬೆಳಗಿನ ಪ್ರಾರ್ಥನೆ, ವಾರ್ತೆ ಓದುವುದು, ಮೆಸ್ಸಿನಲ್ಲಿ ಸಾಲು ನೋಡಿಕೊಳ್ಳುವುದು ಎಲ್ಲ ಅವರದೇ. ಖೋಖೋ, ವಾಲಿಬಾಲ್, ಚರ್ಚಾಸ್ಪರ್ಧೆ, ಸಮೂಹಗೀತೆ, ಕೊನೆಗೆ ಡಾರ್ಮಿಟರಿಯ ಸ್ವಚ್ಛತೆಗೂ ಅಂಕ. ವರ್ಷದ ಕೊನೆಗೆ ಬೆಸ್ಟ್ ಹೌಸ್ ಟ್ರೋಫಿ. ಇದು ಕಣ್ಣಿಗೆ ಕಾಣುವ ಭಾಗ.

ಕಾಣದ ಭಾಗ ಶುರುವಾಗುವುದು ಮೊದಲ ರಾತ್ರಿ. ಹತ್ತು ಹನ್ನೊಂದು ವರ್ಷದ ಮಗು. ಒಂದು ಟ್ರಂಕು, ಹೆಸರು ಬರೆಸಿದ ಬಕೆಟ್ಟು, ಬೀಗದ ಕೈ ದಾರದಲ್ಲಿ ಪೋಣಿಸಿ ಕೊರಳಿಗೆ. ಅಪ್ಪ ಅಮ್ಮ ಕೊನೆಯ ಬಸ್ಸಿಗೆ ಹೊರಟಾಗಿದೆ. ಸಾಲಾಗಿ ಮಂಚಗಳು, ಗೊತ್ತಿಲ್ಲದ ಮುಖಗಳು, ಬೆಳಗಿನ ಜಾವ ಪಿ.ಟಿ.ಗೆ ಸೀಟಿ ಊದುತ್ತಾರಂತೆ ಎಂಬ ಸುದ್ದಿ. ಒಬ್ಬ ಮುಸುಕಿನೊಳಗೆ ಅಳಲು ಶುರುಮಾಡಿದರೆ ಸಾಲಿಗೆ ಸಾಲೇ ಅಳುತ್ತದೆ. ಆಗ ಕೆಲಸಕ್ಕೆ ಬರುವುದು ಟ್ರೋಫಿಯಲ್ಲ. ಡಾರ್ಮಿಟರಿಗೆ ಅಂಟಿಕೊಂಡಂತೆಯೇ ಹೌಸ್ ಮಾಸ್ಟರ್ ಕ್ವಾರ್ಟರ್ಸ್ ಕಟ್ಟಿರುವುದು ಇದಕ್ಕಾಗಿಯೇ. ಅವರು ಬಂದು ಮಂಚದ ಅಂಚಿಗೆ ಕೂತು ‘ನಿಮ್ಮನೇಲಿ ಹಸು ಎಷ್ಟಿವೆ ಮರಿ?’ ಎಂದು ಕೇಳಿದರೆ ಅರ್ಧ ಅಳು ನಿಂತಂತೆ. ಉಳಿದರ್ಧವನ್ನು ನಿಲ್ಲಿಸುವವರು ಏಳನೇ ತರಗತಿಯವರು. ಹೋದ ವರ್ಷ ತಾವೂ ಹೀಗೇ ಅತ್ತದ್ದನ್ನು ಮರೆತವರಂತೆ, ಸಾಕ್ಸ್ ಒಗೆಯುವುದು ಹೇಗೆ, ಬಾತ್‌ರೂಮಿಗೆ ಎಷ್ಟು ಹೊತ್ತಿಗೆ ಎದ್ದರೆ ಸಾಲು ಇರುವುದಿಲ್ಲ ಎಂದು ಗತ್ತಿನಿಂದ ಪಾಠ ಹೇಳುತ್ತಾರೆ.

ಸಂಜೆಯ ರೋಲ್ ಕಾಲ್ ಹೊರಗಿನವರಿಗೆ ಬರೀ ಹಾಜರಿ. ಪಳಗಿದ ಹೌಸ್ ಮಾಸ್ಟರ್ ಅಲ್ಲಿ ತಲೆ ಎಣಿಸುವುದಿಲ್ಲ, ಮುಖ ನೋಡುತ್ತಾರೆ. ಯಾರು ಊಟ ಬಿಟ್ಟರು, ಯಾರು ಮೂರು ದಿನದಿಂದ ಎಂ.ಐ. ರೂಮಿಗೆ, ಅಂದರೆ ಶಾಲೆಯ ಚಿಕಿತ್ಸೆಯ ಕೋಣೆಗೆ ಹೋಗಿ ಹೊಟ್ಟೆನೋವು ಎನ್ನುತ್ತಿದ್ದಾರೆ, ಯಾರ ಮನೆಯವರು ಭೇಟಿಯ ಭಾನುವಾರ ಬರಲಿಲ್ಲ. ಆ ಭಾನುವಾರವನ್ನು ನೀವು ನೋಡಬೇಕು: ಮರದ ಬುಡಗಳಲ್ಲೆಲ್ಲ ಬುತ್ತಿ ಬಿಚ್ಚಿರುತ್ತದೆ, ರೊಟ್ಟಿ, ಶೇಂಗಾ ಚಟ್ನಿ, ಕೋಡುಬಳೆ, ಮೀನು ಸಾರು, ಜಿಲ್ಲೆಗೆ ತಕ್ಕಂತೆ. ಯಾರೂ ಬಾರದ ಮಗುವನ್ನು ಗೆಳೆಯನ ತಾಯಿ ಕೈಹಿಡಿದು ಕರೆದು ಕೂರಿಸಿಕೊಳ್ಳುತ್ತಾಳೆ. ಇದಕ್ಕೆ ಯಾವ ಸುತ್ತೋಲೆಯೂ ಬೇಕಾಗಿಲ್ಲ.

ಒಂಬತ್ತನೇ ತರಗತಿಯಲ್ಲಿ ಇನ್ನೊಂದು ಪರೀಕ್ಷೆ. ಶೇಕಡ 30ರಷ್ಟು ಮಕ್ಕಳನ್ನು ಹಿಂದಿ ನಾಡಿನ ನವೋದಯಕ್ಕೆ ಒಂದು ವರ್ಷ ಕಳಿಸುತ್ತಾರೆ, ಅಲ್ಲಿಂದ ಅಷ್ಟೇ ಮಕ್ಕಳು ಇಲ್ಲಿಗೆ ಬರುತ್ತಾರೆ. ಇದಕ್ಕೆ ಮೈಗ್ರೇಷನ್ ಎಂದೇ ಹೆಸರು. ಅನ್ನ ಸಾರಿನ ಹುಡುಗನಿಗೆ ದಿನವೂ ರೋಟಿ, ಮೈಕೊರೆಯುವ ಚಳಿ, ಅರೆಬರೆ ಹಿಂದಿ. ಎಲ್ಲ ಹೊಸದು, ಒಂದನ್ನು ಬಿಟ್ಟು: ಇಲ್ಲಿ ಶಿವಾಲಿಕ ಇದ್ದಂತೆ ಅಲ್ಲೂ ಒಂದು ಶಿವಾಲಿಕ ಇರುತ್ತದೆ. ದೇಶವಿಡೀ ಒಂದೇ ಹೆಸರಿಟ್ಟಿದ್ದರ ಉಪಯೋಗ ನನಗೆ ಮನದಟ್ಟಾದದ್ದು ಈ ಜಾಗದಲ್ಲಿ.

ಎಲ್ಲವೂ ಹೀಗೆ ಸರಾಗವಾಗಿ ನಡೆಯುತ್ತದೆ ಎಂದರೆ ಸುಳ್ಳಾದೀತು. 2013ರಿಂದ 2017ರವರೆಗಿನ ಐದು ವರ್ಷಗಳಲ್ಲಿ ನವೋದಯಗಳ 49 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂಬ ಅಂಕಿ ಮಾಹಿತಿ ಹಕ್ಕಿನ ಮೂಲಕ ಹೊರಬಂತು. ಅವರಲ್ಲಿ ಅರ್ಧದಷ್ಟು ದಲಿತ, ಬುಡಕಟ್ಟು ಮಕ್ಕಳು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕೇಂದ್ರಕ್ಕೆ ನೋಟಿಸ್ ಕೊಟ್ಟಿತು. ಆಮೇಲೆ ಕೌನ್ಸೆಲರುಗಳ ಮಾತು ಬಂತು. ಗುತ್ತಿಗೆಯ ಮೇಲೆ ನೇಮಕವೂ ನಡೆಯಿತು. ಆದರೆ ಮೂಲದ ತೊಡಕು ಹಾಗೇ ಇದೆ. ಹೌಸ್ ಮಾಸ್ಟರ್ ಎಂಬುದು ಬೇರೆ ಹುದ್ದೆಯಲ್ಲ. ಹಗಲೆಲ್ಲ ಗಣಿತವನ್ನೋ ಇತಿಹಾಸವನ್ನೋ ಪಾಠ ಮಾಡಿದ ಮೇಷ್ಟರೇ ರಾತ್ರಿ ಅಪ್ಪನೂ ಆಗಬೇಕು, ಕಾವಲುಗಾರನೂ ಆಗಬೇಕು. ಮಕ್ಕಳ ಮನಸ್ಸು ತಿಳಿಯುವ ತರಬೇತಿ ಬಿ.ಎಡ್‌ನಲ್ಲಿ ಸಿಗುವಷ್ಟೇ. ಕೆಲವರಿಗೆ ಅದು ಸ್ವಭಾವದಲ್ಲೇ ಬಂದಿರುತ್ತದೆ, ಅವರ ಹೌಸಿನ ಮಕ್ಕಳು ಪುಣ್ಯವಂತರು. ಬಾರದವರ ಹೌಸಿನಲ್ಲಿ ಸೀನಿಯರುಗಳ ದರ್ಬಾರು ನಡೆಯುತ್ತದೆ, ಬಟ್ಟೆ ಒಗೆಸುವುದೂ ಬಾಯಿ ಮುಚ್ಚಿಸುವುದೂ ಅಲ್ಲೇ ಶುರುವಾಗುತ್ತವೆ. ಮಗುವಿನ ಯೋಗಕ್ಷೇಮ ಹೀಗೆ ಒಬ್ಬ ವ್ಯಕ್ತಿಯ ಒಳ್ಳೆಯತನದ ಮೇಲೆ ನಿಲ್ಲಬಾರದು. ಪಾಠದ ಹೊರೆ ಇಲ್ಲದ, ತರಬೇತಿ ಪಡೆದ ವಸತಿ ಪಾಲಕರನ್ನು ಪ್ರತಿ ಡಾರ್ಮಿಟರಿಗೂ ಕಾಯಂ ಆಗಿ ಕೊಡುವುದೊಂದೇ ದಾರಿ ಎಂದು ನನಗನ್ನಿಸುತ್ತದೆ. ಹಣ ಬೇಕು, ನಿಜ. ಆದರೆ ಈ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಎಸ್.ಎಸ್.ಎಲ್.ಸಿ. ಮಟ್ಟದ ಸಿ.ಬಿ.ಎಸ್.ಇ. ಪರೀಕ್ಷೆಯಲ್ಲಿ ನವೋದಯದ ಫಲಿತಾಂಶ ಪ್ರತಿ ವರ್ಷ ಪತ್ರಿಕೆಯಲ್ಲಿ ಬರುತ್ತದೆ. ರಾತ್ರಿ ಹತ್ತರ ಮೇಲೆ ಮಕ್ಕಳ ಜೊತೆ ಯಾರಿದ್ದರು ಎಂಬುದು ಬರುವುದಿಲ್ಲ.

ನಿಮ್ಮ ಮನೆಯಲ್ಲಿ ಐದನೇ ತರಗತಿಯ ಮಗುವಿದ್ದು, ನವೋದಯಕ್ಕೋ ಮೊರಾರ್ಜಿಗೋ ಇನ್ನಾವುದೋ ವಸತಿ ಶಾಲೆಗೋ ಅರ್ಜಿ ಹಾಕುವ ಯೋಚನೆಯಿದ್ದರೆ, ಹಾಕಿ, ಹಿಂಜರಿಯಬೇಡಿ. ಸೇರಿಸುವ ಮುನ್ನ ಒಮ್ಮೆ ಶಾಲೆಗೆ ಹೋಗಿ ಬನ್ನಿ. ಆಫೀಸಿನ ಮುಂದಿನ ಫಲಿತಾಂಶದ ಬೋರ್ಡನ್ನು ಆಮೇಲೆ ನೋಡಿದರಾಯಿತು. ಮೊದಲು ಡಾರ್ಮಿಟರಿ ನೋಡಿ, ಹೌಸ್ ಮಾಸ್ಟರನ್ನು ಮಾತಾಡಿಸಿ, ಅವರ ಫೋನ್ ನಂಬರು ಬರೆದುಕೊಳ್ಳಿ.