ಅಚ್ಚಿನಲ್ಲಿ ಕೈಬರಹ: ಕಾಮಿಕ್ ಸ್ಯಾನ್ಸ್ ಲಿಪಿಯ ಔಚಿತ್ಯವಿಚಾರ

ಅಚ್ಚಿನ ಮೊಳೆಯು ಕೈಬರಹವನ್ನು ಅನುಕರಿಸುವುದು ಹೊಸ ಸಂಗತಿಯಲ್ಲ. ವೆನಿಸ್ ನಗರದ ಆಲ್ಡಸ್ ಮನೂಷಿಯಸನು 1501ರಲ್ಲಿ ವರ್ಜಿಲ್ ಕವಿಯ ಕಾವ್ಯಗಳನ್ನು ಮುದ್ರಿಸಿದಾಗ, ಅಂದಿನ ವಿದ್ವಾಂಸರ ಓಡುಬರಹವನ್ನು ನೋಡಿ ಫ್ರಾಂಚೆಸ್ಕೊ ಗ್ರಿಫೊ ಎಂಬವನು ಕೊರೆದ ಓರೆಯಕ್ಷರಗಳನ್ನೇ ಗ್ರಂಥದ ಉದ್ದಕ್ಕೂ ಬಳಸಿದನು. ಇಂದು ಆ ಓರೆಯಕ್ಷರವು ಹೆಚ್ಚಾಗಿ ಒಂದು ಮಾತಿಗೆ ಒತ್ತು ಕೊಡುವುದಕ್ಕೂ ಗ್ರಂಥನಾಮವನ್ನು ತೋರಿಸುವುದಕ್ಕೂ ಮೀಸಲಾಗಿದೆ. ಲಿಪಿಯು ಹುಟ್ಟಿದ ಉದ್ದೇಶವೊಂದು, ಬಾಳಿದ ಬಗೆ ಮತ್ತೊಂದು. ಕಾಮಿಕ್ ಸ್ಯಾನ್ಸ್ ಎಂಬ ರೋಮನ್ ಅಕ್ಷರಶೈಲಿಯ ಚರಿತ್ರೆ ಇದಕ್ಕಿಂತಲೂ ವಿಚಿತ್ರವಾದುದು.

1994ರಲ್ಲಿ ಮೈಕ್ರೊಸಾಫ್ಟ್ ಸಂಸ್ಥೆಯಲ್ಲಿದ್ದ ಅಕ್ಷರಶಿಲ್ಪಿ ವಿನ್ಸೆಂಟ್ ಕೊನೇರ್ ಅವರು, ಗಣಕಯಂತ್ರಕ್ಕೆ ಹೊಸಬರಾದವರಿಗಾಗಿ ಸಿದ್ಧವಾಗುತ್ತಿದ್ದ ‘ಬಾಬ್’ ಎಂಬ ತಂತ್ರಾಂಶವನ್ನು ನೋಡಿದರು. ಅದರಲ್ಲಿ ಚಿತ್ರದ ನಾಯಿಯೊಂದು ಮಾತಾಡುತ್ತಿತ್ತು. ಅದರ ಮಾತುಗಳೋ ವೃತ್ತಪತ್ರಿಕೆಗಾಗಿ ಹುಟ್ಟಿದ ಗಂಭೀರವಾದ ಟೈಮ್ಸ್ ನ್ಯೂ ರೋಮನ್ ಲಿಪಿಯಲ್ಲಿದ್ದವು. ನಾಯಿಗೆ ನ್ಯಾಯಾಧೀಶನ ಕಂಠ ಬಂದಂತಾಗಿತ್ತು. ಕೊನೇರ್ ಅವರು ಬ್ಯಾಟ್‌ಮನ್, ವಾಚ್‌ಮೆನ್ ಮೊದಲಾದ ಚಿತ್ರಕಥೆಗಳಲ್ಲಿ ಪಾತ್ರಗಳ ಮಾತನ್ನು ಕೈಯಿಂದ ಬರೆದಿದ್ದ ರೀತಿಯನ್ನು ಮಾದರಿಯಾಗಿಟ್ಟುಕೊಂಡು ಹೊಸ ಅಕ್ಷರಗಳನ್ನು ರಚಿಸಿದರು. ಆದರೆ ಇವು ಹಳೆಯವುಗಳಿಗಿಂತ ದೊಡ್ಡವಾದುದರಿಂದ ಮೊದಲೇ ಅಳೆದಿಟ್ಟ ಜಾಗದಲ್ಲಿ ಹಿಡಿಯಲಿಲ್ಲ. ಯಾವ ನಾಯಿಗಾಗಿ ಲಿಪಿ ಹುಟ್ಟಿತೋ ಆ ನಾಯಿಗೇ ಅದು ದಕ್ಕದೆ ಹೋಯಿತು. ಮುಂದೆ ವಿಂಡೋಸ್ 95ರ ಪೂರಕಭಾಗದೊಡನೆ ಹೊರಬಿದ್ದು, ಶಾಲೆಯ ಗೋಡೆ, ಆಮಂತ್ರಣಪತ್ರ, ಕಚೇರಿಯ ಸೂಚನೆ ಎಲ್ಲವನ್ನೂ ಅದು ಆಕ್ರಮಿಸಿತು.

ಇದರ ರೇಖೆಗಳ ದಪ್ಪ ಹೆಚ್ಚುಕಡಮೆ ಒಂದೇ ಸಮ, ತುದಿಗಳು ದುಂಡಗೆ, ಅಕ್ಷರಗಳು ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ. ‘ಎ’ ಅಕ್ಷರದ ಚಿಕ್ಕ ರೂಪವು ಮಕ್ಕಳಿಗೆ ಬರೆಯಲು ಕಲಿಸುವ ಆಕಾರದಲ್ಲಿಯೇ ಇದೆ. ಓದುವುದರಲ್ಲಿ ತೊಡಕುಳ್ಳವರಿಗೆ ಅನುಕೂಲವಾದ ಲಿಪಿಗಳಲ್ಲಿ ಇದೂ ಒಂದೆಂದು ಬ್ರಿಟಿಷ್ ಡಿಸ್ಲೆಕ್ಸಿಯಾ ಸಂಘವು ಹೆಸರಿಸಿದೆ. ಕೊರತೆಯೂ ಉಂಟು. ಕೈಯಲ್ಲಿ ಬರೆದ ಎರಡು ಅಕ್ಷರಗಳು ಎಂದೂ ಒಂದೇ ತೆರನಾಗಿರವು. ಮೊಳೆಯಲ್ಲಾದರೋ ಅದೇ ಸೊಟ್ಟು ಸಾಲುಸಾಲಿಗೂ ಮರುಕಳಿಸುತ್ತದೆ. ನಾಲ್ಕು ಮಾತಿನಲ್ಲಿ ಸಲಿಗೆಯಾಗಿ ತೋರುವುದು ನಾಲ್ಕು ಪುಟಗಳಲ್ಲಿ ನಟನೆಯಾಗುತ್ತದೆ.

ಈ ಲಿಪಿಯನ್ನು ಬಹಿಷ್ಕರಿಸಬೇಕೆಂಬ ಚಳವಳಿಯೇ ನಡೆದುದುಂಟು. ದೋಷವು ಲಿಪಿಯಲ್ಲಿದೆಯೆಂದು ಬಗೆದವರು 11ನೆಯ ಶತಮಾನದ ಕ್ಷೇಮೇಂದ್ರನ ಔಚಿತ್ಯತತ್ತ್ವವನ್ನು ನೆನೆಯಬಹುದು. ಒಡ್ಯಾಣವನ್ನು ಕೊರಳಿಗೆ ಕಟ್ಟಿಕೊಂಡರೆ ನಗೆಗೀಡಾಗುವುದು ಒಡ್ಯಾಣವಲ್ಲವಷ್ಟೆ.

2012ರ ಜುಲೈ 4ರಂದು ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಫೇಬಿಯೋಲ ಜಾನೊಟ್ಟಿ ಅವರು ಹಿಗ್ಸ್ ಕಣದ ಶೋಧವನ್ನು ನಿರೂಪಿಸಿದಾಗ, ಅವರ ಚಿತ್ರಫಲಕಗಳು ಕಾಮಿಕ್ ಸ್ಯಾನ್ಸ್‌ನಲ್ಲಿದ್ದುದನ್ನು ಕಂಡು ಹಲವರು ನಕ್ಕರು. ಶೋಧದ ಗಾಂಭೀರ್ಯವನ್ನು ನೋಡಿದರೆ ಆಕ್ಷೇಪಣೆ ಸಹಜವೇ. ಆದರೆ ಫಲಕವು ಪ್ರಬಂಧವಲ್ಲ. ಸಭೆಯ ಮುಂದೆ ನಿಂತು ಆಡುವ ಮಾತಿಗೆ ಅದು ಬರಿಯ ಆಸರೆ. ಮಾತಿಗೆಂದೇ ಹುಟ್ಟಿದ ಲಿಪಿಯು ಅಲ್ಲಿ ತೀರ ಪರಕೀಯವೆನ್ನುವಂತಿಲ್ಲ. ಸರ್ನ್ ಸಂಸ್ಥೆಯೂ ಈ ನಗೆಯಲ್ಲಿ ಪಾಲುಗೊಂಡು, ಇನ್ನು ಮುಂದೆ ತನ್ನ ಬರಹವೆಲ್ಲ ಇದೇ ಲಿಪಿಯಲ್ಲಿರುವುದೆಂದು 2014ರಲ್ಲಿ ಪ್ರಕಟಿಸಿತು. ಆ ದಿನ ಏಪ್ರಿಲ್ 1.