ಎರೆಮಣ್ಣಿನಲ್ಲಿ ಇಂಗಾಲವೆಷ್ಟು?



ವಿಜಯಪುರ ಜಿಲ್ಲೆಯ ಹೂವಿನ ಹಿಪ್ಪರಗಿಯ ಸುತ್ತಮುತ್ತ ಎರೆಹೊಲಗಳೇ ಹೆಚ್ಚು. ಮಣ್ಣು ಇಷ್ಟು ಕಪ್ಪಾಗಿರುವಾಗ ಅದರಲ್ಲಿ ಇಂಗಾಲವೂ ತುಂಬಿರಬೇಕಲ್ಲವೇ? ಇಲ್ಲ. ದಖ್ಖನ್ ಪ್ರದೇಶದ ಎರೆಹೊಲಗಳಲ್ಲಿ ಸಾವಯವ ಇಂಗಾಲ ಅನೇಕ ಕಡೆ ಶೇಕಡಾ 0.5ಕ್ಕಿಂತ ಕಡಿಮೆ. ಮಣ್ಣು ಪರೀಕ್ಷೆಯಲ್ಲಿ ಇದು 'ಕಡಿಮೆ' ದರ್ಜೆ, 0.75 ದಾಟಿದರೆ 'ಹೆಚ್ಚು'. ಜೇಡಿ ಕಣಗಳಿಗೆ ಬಿಗಿಯಾಗಿ ಅಂಟಿದ ಅಲ್ಪ ಹ್ಯೂಮಸ್ಸೂ ಮಣ್ಣನ್ನು ಕಪ್ಪಾಗಿಸಬಲ್ಲದು. ಹೊಲದಲ್ಲಿ ಸಿಗುವ ಸುಣ್ಣದ ಹರಳುಗಳಲ್ಲಿಯೂ ಇಂಗಾಲವಿದೆ. ಆದರೆ ಅದು ಖನಿಜ ರೂಪದ್ದು, ಈ ಲೆಕ್ಕಕ್ಕೆ ಸೇರದು.

ಬರುವ ದಾರಿ, ಹೋಗುವ ದಾರಿ

ಎಲೆಗಳು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಆಹಾರ ತಯಾರಿಸುತ್ತವೆ. ಉದುರಿದ ಎಲೆ, ಸತ್ತ ಬೇರುಗಳ ಮೂಲಕ ಆ ಇಂಗಾಲ ಮಣ್ಣು ಸೇರುತ್ತದೆ. ಸೂಕ್ಷ್ಮಜೀವಿಗಳು ಅದರಲ್ಲಿ ಹೆಚ್ಚಿನ ಪಾಲನ್ನು ತಿಂದು ಮತ್ತೆ ಗಾಳಿಗೆ ಬಿಡುತ್ತವೆ. ಉಳಿದದ್ದು ಹ್ಯೂಮಸ್ ಆಗುತ್ತದೆ. ಪದೇ ಪದೇ ಉತ್ತು ಹರಗಿದರೆ ಈ ನಷ್ಟ ಹೆಚ್ಚುತ್ತದೆ.

ಯಾವ ಹೊದಿಕೆ, ಎಷ್ಟು ಕೊಡುಗೆ?

ಹಿಂಗಾರಿ ಬಿಳಿಜೋಳ ಕೊಯ್ದಾಗ ಕಣಿಕೆ ದನಗಳಿಗೆ ಹೋಗುತ್ತದೆ. ಹೊಲಕ್ಕೆ ಉಳಿಯುವುದು ಕೂಳೆ ಮತ್ತು ಬೇರು ಮಾತ್ರ. ತೊಗರಿಯ ಕಟ್ಟಿಗೆ ಒಲೆ ಸೇರಿದರೂ ಅದರ ಎಲೆ ಹೊಲದಲ್ಲೇ ಉದುರುತ್ತದೆ, ಬೇರು ಆಳಕ್ಕಿಳಿಯುತ್ತದೆ. ಉಳುಮೆ ಕಾಣದ ಬದುವಿನ ಹುಲ್ಲು ವರ್ಷವರ್ಷವೂ ನೂರಾರು ಸಣ್ಣ ಬೇರುಗಳನ್ನು ಮಣ್ಣಿಗೆ ಕೊಡುತ್ತದೆ. ಬನ್ನಿ, ಬೇವು, ಜಾಲಿಯ ಕೆಳಗೆ ಎಲೆಯ ಪದರವೇ ಕೂಡುತ್ತದೆ.

ಒಂದು ಲೆಕ್ಕ

ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 20 ಲಕ್ಷ ಕಿಲೋ. ಇಂಗಾಲ ಶೇಕಡಾ 0.4 ಇದ್ದರೆ 8 ಟನ್, 0.5ಕ್ಕೆ ಏರಿದರೆ 10 ಟನ್. ಹಾಗೆ ಸೇರುವ 2 ಟನ್ನೂ ಗಾಳಿಯಿಂದ ಬಂದದ್ದೇ. ಜಗತ್ತಿನ ಮಣ್ಣಿನ ಮೇಲಿನ ಒಂದು ಮೀಟರಿನಲ್ಲಿರುವ ಸಾವಯವ ಇಂಗಾಲ, ವಾತಾವರಣದಲ್ಲಿರುವ ಇಂಗಾಲಕ್ಕಿಂತ ಹೆಚ್ಚು.

ರೈತನಿಗೆ ಲಾಭ ಇನ್ನೂ ಹತ್ತಿರದ್ದು. ಹ್ಯೂಮಸ್ ಮಣ್ಣಿನ ಕಣಗಳನ್ನು ಕೂಡಿಸಿ ಹಿಡಿಯುತ್ತದೆ; ಮಳೆನೀರು ಒಳಗೆ ಇಂಗುತ್ತದೆ. ಪದೇ ಪದೇ ಬರ ಕಾಣುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಕಣಿಕೆಯನ್ನು ಹೊಲದಲ್ಲೇ ಬಿಡಿ ಎಂದರೆ ದನಗಳ ಗತಿಯೇನು? ಅದಕ್ಕಾಗಿ ಸಗಣಿ ಗೊಬ್ಬರ ಹೊಲಕ್ಕೆ ಮರಳಬೇಕು, ಕೂಳೆ ಸುಡಬಾರದು, ಬದುವಿನ ಮೇಲೆ ಹುಲ್ಲು, ಗ್ಲಿರಿಸಿಡಿಯಾ ಬೆಳೆಸಬೇಕು.

ಮಾಡಿ ನೋಡಿ

ಹೊಲದ ನಡುವಿನಿಂದ ಒಂದು, ಹುಲ್ಲಿನ ಬದುವಿನಿಂದ ಒಂದು ಸಣ್ಣ ಹೆಂಟೆ ತಂದು ನೆರಳಲ್ಲಿ ಒಣಗಿಸಿ. ಎರಡನ್ನೂ ನೀರು ತುಂಬಿದ ಗಾಜಿನ ಲೋಟಗಳಲ್ಲಿ ಮೆಲ್ಲಗೆ ಇಳಿಬಿಡಿ. ಯಾವುದು ಮೊದಲು ಕರಗಿ ಕುಸಿಯಿತು? ಏಕೆ? ತರಗತಿಯಲ್ಲಿ ಚರ್ಚಿಸಿ.